ಪುಣೆಯಲ್ಲಿ ಎಚ್‌ಐವಿ ಸಂಶೋಧನೆ: ಕೋಡಿಂಗ್ ಬಂದರೆ ಸಾಕಾ?

ಎಚ್‌ಐವಿ ಎಪಿಡೆಮಿಯಾಲಜಿಯಲ್ಲಿ (ರೋಗ ಯಾರಿಗೆ, ಎಷ್ಟು, ಯಾಕೆ ಬರುತ್ತೆ ಅನ್ನೋ ಅಧ್ಯಯನ) ಪುಣೆಯಲ್ಲಿ ಪಿಎಚ್‌ಡಿ ಮಾಡಬೇಕು, ಕೋಡಿಂಗ್ ಚೆನ್ನಾಗಿ ಬರುತ್ತೆ, ಮರಾಠಿ ಬರಲ್ಲ, ಫೀಲ್ಡ್‌ಗೆ ಹೋಗದೆ ಡೇಟಾ ಮೇಲಷ್ಟೇ ಕೆಲಸ ಮಾಡಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಧಾರವಾಡದಿಂದ ರೈಲು ಹತ್ತಿದವನು.

ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡೋ ಮಾತ್ರೆ, ಶುರು ಮಾಡಿದವರು ಎಷ್ಟು ಕಾಲ ಬದುಕುತ್ತಾರೆ, ಯಾರು ಬೇಗ ತೀರಿಕೊಳ್ಳುತ್ತಾರೆ ಅನ್ನೋದು ನನ್ನ ವಿಷಯ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಈ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದಾಗಿನಿಂದ ಸೆಂಟರ್‌ಗಳಲ್ಲಿ ದಾಖಲೆ ರಾಶಿ ಬಿದ್ದಿದೆ. ಒಂದು ಸೆಂಟರ್‌ನ ಎಕ್ಸೆಲ್ ಫೈಲು ಸಿಕ್ಕಿತು. ಬದುಕಿದ್ದಾರೆ, ತೀರಿಕೊಂಡಿದ್ದಾರೆ, ಇಲ್ಲವೇ ಎಲ್‌ಎಫ್‌ಯು. ಅಂದರೆ ಲಾಸ್ಟ್ ಟು ಫಾಲೋ ಅಪ್, ಮಾತ್ರೆಗೆ ಬರೋದು ನಿಲ್ಲಿಸಿದವರು. ಅವರನ್ನೆಲ್ಲ ನಾನು ಸೆನ್ಸಾರ್ ಮಾಡಿ ಕೈತೊಳೆದುಕೊಂಡೆ.

ಇದನ್ನು ಬಿಡಿಸಿಯೇ ಹೇಳಬೇಕು, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ. ಎಷ್ಟು ಜನ ಎಷ್ಟು ಕಾಲ ಬದುಕುಳಿದರು ಅಂತ ಅಂದಾಜು ಮಾಡೋ ಕಾಪ್ಲಾನ್-ಮೈಯರ್ ಲೆಕ್ಕದಲ್ಲಿ ಒಬ್ಬರು ಕೊನೆಯ ಸಲ ಬಂದ ದಿನದವರೆಗೆ ಬದುಕಿದ್ದರು ಅಂತ ಹಿಡಿದು, ಆಮೇಲೆ ಲೆಕ್ಕದಿಂದ ಹೊರಗಿಡುತ್ತೇವೆ, ಸೆನ್ಸಾರ್ ಅನ್ನೋದು ಇದಕ್ಕೇ. ಅದು ಸರಿಹೋಗೋದು ಒಂದೇ ಷರತ್ತಿನ ಮೇಲೆ: ಬಿಟ್ಟುಹೋದವರಿಗೆ ಸಾವಿನ ಅಪಾಯ ಉಳಿದವರಿಗಿದ್ದಷ್ಟೇ ಇರಬೇಕು. ಆದರೆ ಹಾಸಿಗೆ ಹಿಡಿದವರು ಸೆಂಟರ್‌ಗೆ ಹೇಗೆ ಬರ್ತಾರೆ? ಅಂಥವರು ಮನೆಯಲ್ಲೇ ತೀರಿಕೊಂಡರೆ ಫೈಲಿನಲ್ಲಿ ಸಾವು ಕಾಣಲ್ಲ, ಎಲ್‌ಎಫ್‌ಯು ಕಾಣುತ್ತೆ. ಇನ್ನು ಕೆಲವರು ಆರಾಮಾಗಿ ಬೆಳಗಾವಿಯಲ್ಲೋ ಸಾಂಗ್ಲಿಯಲ್ಲೋ ಹೊಸದಾಗಿ ಹೆಸರು ಬರೆಸಿ ಅದೇ ಮಾತ್ರೆ ನುಂಗುತ್ತಿರುತ್ತಾರೆ. ಇಬ್ಬರಿಗೂ ಒಂದೇ ಕೋಡ್. ನಮ್ಮ ಸೆಂಟರ್‌ನಲ್ಲಿ ಸಿಡಿ4 (ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸೋ ರಕ್ತಕಣಗಳ ಎಣಿಕೆ) ತೀರಾ ಕುಸಿದ ಮೇಲೆ ಬಂದವರೇ ಮೊದಲು ಕಾಣೆಯಾಗುತ್ತಿದ್ದರು. ಹಾಗಾಗಿ ಸಿಡಿ4 ಕಡಿಮೆಯಿದ್ದರೂ ಅಪಾಯ ಅಷ್ಟೇನಿಲ್ಲ ಅನ್ನೋ ತಲೆಬುಡವಿಲ್ಲದ ಫಲಿತಾಂಶ ಬಂತು. ನಾನದನ್ನು ಚಿಕಿತ್ಸೆಯ ಮಹಿಮೆ ಅಂತ ಬರೆದು ಜರ್ನಲ್‌ಗೆ ಕಳಿಸಿದೆ.

ರಿವ್ಯೂವರ್ ಒಂದೇ ಸಾಲಿನಲ್ಲಿ ಹಿಡಿದರು. ಆಗಲೇ ನಾನು ಕಾಗದದ ರಿಜಿಸ್ಟರ್ ನೋಡಲು ಹೋಗಿದ್ದು. ಕೊನೆಯಲ್ಲೊಂದು ಷರಾ ಕಾಲಂ ಇತ್ತು, ಎಕ್ಸೆಲ್‌ಗೆ ಯಾರೂ ಅದನ್ನು ಟೈಪ್ ಮಾಡಿರಲಿಲ್ಲ. ಪೆನ್ಸಿಲ್‌ನಲ್ಲಿ, ಮರಾಠಿಯಲ್ಲಿ: ಊರಿಗೆ ಹೋಗಿದ್ದಾರೆ. ಫೋನ್ ಬಂದ್. ಮನೆ ಬದಲಿಸಿದ್ದಾರೆ. ತೀರಿಕೊಂಡರಂತೆ, ತಂಗಿ ಹೇಳಿದ್ದು. ಅಲ್ಲಿನ ಔಟ್‌ರೀಚ್ ವರ್ಕರ್ ಬಾಗಲಕೋಟೆ ಕಡೆಯವರು. ಒಂದೊಂದೇ ನಂಬರಿನ ಮೇಲೆ ಬೆರಳಿಡುತ್ತಾ ಹೋದರು. "ಈಕಿ ಹೋಗಿ ವರ್ಷಾತು ತಮ್ಮಾ. ಈಕಿ ಅದಾಳ, ಯಲ್ಲಮ್ಮನ ಜಾತ್ರಿಗೆ ಹೋದಾಕಿ ಊರಾಗ ಉಳದಾಳ. ನೀ ಮೊದಲ ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?"

ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಕಾಣೆಯಾದವರಲ್ಲಿ ಒಂದಿಷ್ಟು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಹುಡುಕಿಸಿದೆವು. ಅವರಿಗೆ ಏನಾಯಿತೋ ಅದನ್ನು ಕಾಣೆಯಾದವರೆಲ್ಲರ ಪರವಾಗಿ ತೂಕ ಕೊಟ್ಟು ಸೇರಿಸಿದೆ. ಬದುಕುಳಿದವರ ಗ್ರಾಫ್ ಕೆಳಗಿಳಿಯಿತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಕೊನೆಯ ವರ್ಷ ಅಪ್ಪನ ಪೆನ್ಷನ್ ದುಡ್ಡಲ್ಲಿ ಕಳೆಯಿತು.

ಹಾಗಾಗಿ ಫೀಲ್ಡಾ, ಡೇಟಾನಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಈ ವಿಷಯದಲ್ಲಿ ಅಂಕಿ ತಪ್ಪೋದು ಜಾಸ್ತಿ ಫಾರ್ಮುಲಾದಿಂದಲ್ಲ, ಫೈಲಿಗೆ ಯಾರು ಬಂದರು, ಯಾರು ಬರಲಿಲ್ಲ ಅನ್ನೋದರಿಂದ. ದೇಶದ ಲೆಕ್ಕವೇ ನೋಡಿ. ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಎಚ್‌ಐವಿ ಸೋಂಕಿತರಿದ್ದಾರೆ ಅನ್ನುತ್ತಿದ್ದರು. 2007ರಲ್ಲಿ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. ಅರ್ಧ ಜನ ವಾಸಿಯಾಗಲಿಲ್ಲ! ಮೊದಲಿನ ಅಂದಾಜು ಮುಖ್ಯವಾಗಿ ಬಸುರಿಯರ ತಪಾಸಣೆ ಮತ್ತು ಲೈಂಗಿಕ ರೋಗದ ಕ್ಲಿನಿಕ್‌ಗಳಿಗೆ ಬಂದವರ ರಕ್ತದ ಮೇಲೆ ನಿಂತಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ರಕ್ತ ಪಡೆಯಿತು, ಚಿತ್ರ ಬದಲಾಯಿತು.

ಉಲ್ಟಾ ಉದಾಹರಣೆ ಪುಣೆಯಲ್ಲೇ ಇದೆ. ಇಲ್ಲಿನ ಲೈಂಗಿಕ ರೋಗದ ಕ್ಲಿನಿಕ್‌ಗಳಿಗೆ ಬಂದ ಹೆಂಗಸರ ಮೇಲೆ ಎಚ್‌ಐವಿ ಸಂಶೋಧಕ ರಾಮನ್ ಗಂಗಾಖೇಡ್ಕರ್ ಮತ್ತವರ ತಂಡ ಮಾಡಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಲೈಂಗಿಕ ವೃತ್ತಿಯಲ್ಲಿಲ್ಲದ ಹೆಂಗಸರಲ್ಲೂ ಶೇ. 13.6 ಜನಕ್ಕೆ ಎಚ್‌ಐವಿ ಇತ್ತು. ಹೆಚ್ಚಿನವರಿಗೆ ಗಂಡನ ಹೊರತು ಇನ್ಯಾರ ಸಂಬಂಧವೂ ಇರಲಿಲ್ಲ. ಇವರಿಗೆಲ್ಲ ಯಾಕೆ ಟೆಸ್ಟು ಅಂತ ಬಿಟ್ಟಿದ್ದರೆ ಇದು ಗೊತ್ತಾಗುತ್ತಿತ್ತಾ?

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮೊದಲಾ, ನೇರ ಪಿಎಚ್‌ಡಿಯಾ ಅನ್ನೋದನ್ನು ದುಡ್ಡು ನೋಡಿಕೊಂಡು ನೀವೇ ತೀರ್ಮಾನ ಮಾಡಿ. ಮರಾಠಿ ಕಲಿಯಿರಿ, ಷರಾ ಓದೋಕಾದರೂ ಬೇಕು. ಪುಣೆಯ ಕೆಂಪುದೀಪದ ಪ್ರದೇಶವಾದ ಬುಧವಾರ ಪೇಟೆ ಕಡೆ ಕನ್ನಡ ಮಾತಾಡೋ ಹೆಂಗಸರು ಬೇಕಾದಷ್ಟಿದ್ದಾರೆ, ಭಾಷೆಗೆ ಹೆದರಬೇಡಿ. ಮನೆ ಬಾಗಿಲಿಗೆ ಹೋದಾಗ ಮಾತ್ರ ಎಚ್‌ಐವಿ ಅನ್ನೋ ಪದ ಬಾಯಿಂದ ಬೀಳಬಾರದು, 2017ರ ಕಾಯ್ದೆಯಲ್ಲಿ ಗುಟ್ಟು ಕಾಯೋದು ಕಡ್ಡಾಯ. ಗೈಡ್ ಹುಡುಕುವಾಗ ಒಂದೇ ಮಾತು ಕೇಳಿ, ರಿಜಿಸ್ಟರ್ ಎಲ್ಲಿದೆ ಅಂತ. "ಅದೆಲ್ಲ ಯಾಕೆ, ಎಕ್ಸೆಲ್ ಕಳಿಸ್ತೀನಿ" ಅಂದ್ರೆ ಬೇರೆಯವರನ್ನು ನೋಡಿಕೊಳ್ಳಿ.