ಬ್ಯಾಗಿನೊಳಗಿನ ತೊಟ್ಟೆ

ಪ್ರಶ್ನೆ: ಮಾಸ್ಟ್ರೇ, ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್. ಕ್ಲಾಸಿನಲ್ಲಿ ಅಸ್ಸಾಮಿನ ಒಬ್ಬಳು ಹುಡುಗಿ ಇದ್ದಾಳೆ. ಅಪ್ಪನಿಗೆ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ. ಒಂದೇ ವರ್ಷದಲ್ಲಿ ಚೆನ್ನಾಗಿ ಕನ್ನಡ ಕಲಿತಿದ್ದಳು. ಈಗ ಎರಡು ತಿಂಗಳಿಂದ ಮಾತೇ ಇಲ್ಲ. ಗೇಟಿನ ಹತ್ತಿರ ಜೀಪು ನಿಂತರೆ ಬರೆಯುತ್ತಿದ್ದವಳ ಕೈ ನಿಲ್ಲುತ್ತದೆ. ಮೊನ್ನೆ ಅವಳ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಕಂಡಿತು. ಒಳಗೆ ಅಪ್ಪ ಅಮ್ಮನ ಆಧಾರ್, ವೋಟರ್ ಕಾರ್ಡಿನ ಜೆರಾಕ್ಸ್. ‘ನಮ್ಮನ್ನು ಬಾಂಗ್ಲಾಕ್ಕೆ ಓಡಿಸುತ್ತಾರಂತೆ’ ಎಂದಳು. ಕ್ಲಾಸಿನ ಹುಡುಗನೊಬ್ಬ ಹೇಳಿದ್ದಂತೆ. ನಾನೇನು ಮಾಡಲಿ?
– ಒಬ್ಬ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಟೀಚರೇ, ಆ ತೊಟ್ಟೆಯನ್ನು ನೀವು ತೆಗೆದಿಡಬೇಡಿ. ‘ಏನೂ ಆಗುವುದಿಲ್ಲ, ಹೆದರಬೇಡ’ ಎಂದೂ ಹೇಳಬೇಡಿ. ರಾತ್ರಿ ಊರಿಗೆ ಫೋನು ಮಾಡಿದಾಗ ಅವಳ ಮನೆಯಲ್ಲಿ ಏನು ಮಾತು ನಡೆಯುತ್ತದೋ ನಮಗೆ ಗೊತ್ತಿಲ್ಲ ಅಲ್ವಾ? ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವದ ಪಟ್ಟಿ ಬಂತು. 19 ಲಕ್ಷಕ್ಕೂ ಜಾಸ್ತಿ ಜನರ ಹೆಸರು ಅದರಲ್ಲಿ ಇರಲಿಲ್ಲ. ಒಂದೇ ಮನೆಯಲ್ಲಿ ಒಬ್ಬರದಿದೆ, ಇನ್ನೊಬ್ಬರದಿಲ್ಲ. ಕಾಗದ ಕಳೆದರೆ ಏನಾಗಬಹುದು ಅಂತ ಅಲ್ಲಿನ ಮಕ್ಕಳು ಮಗ್ಗಿ ಕಲಿಯುವ ಮೊದಲೇ ಕಲಿಯುತ್ತಾರೆ. ಕಿವಿ ಗೇಟಿನ ಕಡೆಗಿದ್ದರೆ ಭಾಗಾಕಾರ ಎಲ್ಲಿ ತಲೆಗೆ ಹೋದೀತು? ಲೆಕ್ಕ ತಪ್ಪಿದರೆ ಈಗ ಬೈಯಬೇಡಿ.

ನನ್ನದೊಂದು ತಪ್ಪು ಹೇಳುತ್ತೇನೆ. ಜೂನಿನಲ್ಲಿ ಶಾಲೆ ತೆರೆದ ಆರನೇ ದಿನ ಮಕ್ಕಳ ತಲೆ ಎಣಿಸುವ ಲೆಕ್ಕಕ್ಕೆ ಆಧಾರ್ ನಂಬರ್ ಬೇಕಿತ್ತು. ಅಡಿಕೆ ತೋಟದ ಕೆಲಸಕ್ಕೆ ಬಂದವರ ಮಗನೊಬ್ಬನನ್ನು ಎಲ್ಲರೆದುರು ನಿಲ್ಲಿಸಿ, ‘ನಿನ್ನದೆಲ್ಲಿ?’ ಎಂದು ಕೇಳಿದೆ. ಸುಮ್ನೆ ಕೇಳಿದ್ದು, ಕೋಪವೇನೂ ಇರಲಿಲ್ಲ. ಮಾರನೇ ದಿನ ಅವನು ಬರಲಿಲ್ಲ. ಮೂರನೇ ದಿನ ಸಂಜೆ ಅವರ ಕ್ವಾರ್ಟರ್ಸಿಗೆ ಹೋದೆ. ಬೀಗ. ಹೊರಗೆ ಹಗ್ಗದಲ್ಲಿ ಅವನ ಯೂನಿಫಾರಂ ಅಂಗಿ ಮಳೆಗೆ ನೆನೆಯುತ್ತಿತ್ತು. ಆ ಅಂಗಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪನನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಅಂತ ನೀವು ಮಾತು ಕೊಡುವ ಹಾಗಿಲ್ಲ. ಶಾಲೆಯ ಮಾತು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳದ್ದು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಅವಳನ್ನು ಹತ್ತಿರ ಕರೆದು ಹಾಜರಿ ಪುಸ್ತಕದಲ್ಲಿ ಅವಳ ಹೆಸರು ತೋರಿಸಿ. ‘ಇದನ್ನು ಬರೆದದ್ದು ನಾನು’ ಎನ್ನಿ. ಜೀಪು ಬಂದಾಗಲೆಲ್ಲ ಯಾರು ಬಂದರು ಅಂತ ಕ್ಲಾಸಿಗೇ ಹೇಳಿಬಿಡಿ. ಅಕ್ಕಿ ತಂದ ಜೀಪಾದರೆ ಅಕ್ಕಿಯ ಜೀಪು ಅಂತಲೇ ಹೇಳಿ.

ಅಮ್ಮನಿಗೆ ಚೀಟಿ ಕಳಿಸಬೇಡಿ, ಭಾನುವಾರ ನೀವೇ ಹೋಗಿ. ಓದಲು ಬಾರದ ಭಾಷೆಯ ಕಾಗದ ಕೈಗೆ ಬಂದಾಗ ಹೊಟ್ಟೆಯೊಳಗೆ ಹೇಗಾಗುತ್ತದೆ ಅಂತ ಕಾಸರಗೋಡಿನ ಕನ್ನಡಿಗರಾದ ನಮಗೆ, ಊರು ಕೇರಳಕ್ಕೆ ಸೇರಿದ 1956ರಿಂದ ಗೊತ್ತು. ಆ ಅಮ್ಮನಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ, ನಮಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆ ಹುಡುಗ. ಅವನಿಗೆ ಹೊಡೆಯಬೇಡಿ. ಅಂಗಡಿ ಜಗಲಿಯಲ್ಲೋ ಮನೆಯ ಟಿವಿ ಎದುರೋ ಕೇಳಿದ್ದನ್ನು ತಂದು ಹಾಕಿದ್ದಾನೆ. ಒಬ್ಬನನ್ನೇ ಕರೆದು ಕೇಳಿ: ‘ನಾಳೆ ಅವಳು ಬರದೇ ಹೋದರೆ ನಿನಗೆ ಖುಷಿಯಾ?’ ಅವನು ಉತ್ತರ ಕೊಡುವವರೆಗೆ ಕಾಯಿರಿ.

ತೊಟ್ಟೆ ಬ್ಯಾಗಿನಲ್ಲೇ ಇರಲಿ. ಅವಳಾಗಿಯೇ ಅದನ್ನು ಮನೆಯಲ್ಲಿ ಬಿಟ್ಟು ಬಂದ ದಿನ ನನಗೆ ಎರಡು ಸಾಲು ಬರೆಯಿರಿ.