ಮಕ್ಕಳ ಮೇಲೆ ಹಾರುವ ಹುಂಜವನ್ನು ಪಳಗಿಸುವುದು ಹೇಗೆ?

ಕೆಂಪು ಹುಂಜ, ಐದು ಹೇಂಟೆ, ಹಿತ್ತಿಲಿಗೆ ಕಾಲಿಡಲು ಹೆದರುವ ಮಕ್ಕಳು. ಹುಂಜ ಮಕ್ಕಳ ಮೇಲೆ ಹಾರುತ್ತದೆ, ಅದನ್ನು ಪಳಗಿಸುವುದು ಹೇಗೆ ಎಂದು ನೀವು ಬರೆದದ್ದನ್ನು ಓದುತ್ತಿದ್ದಂತೆ ಕುಣಿಗಲ್ ಕಡೆಯ ನಮ್ಮ ಮನೆಯೇ ಕಣ್ಣೆದುರು ಬಂತು. ನಮ್ಮಲ್ಲಿ ಹೆದರುತ್ತಿದ್ದವರು ಮಕ್ಕಳಲ್ಲ, ಅಮ್ಮ.

ತಾಯಿಕೋಳಿಯನ್ನು ಮುಂಗುಸಿ ಹಿಡಿದಾಗ ಉಳಿದದ್ದು ಒಂದೇ ಮರಿ, ಮುಂದೆ ನಮ್ಮ ಹುಂಜವಾದದ್ದು ಅದೇ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಳಮನೆಯಲ್ಲಿ ಸಾಕಿದೆವು. ಅಂಗೈಯಿಂದಲೇ ರಾಗಿ ತಿನ್ನುತ್ತಿತ್ತು, ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಪುಕ್ಕ ಬಲಿಯುತ್ತಿದ್ದ ಹಾಗೆ ನಾನೊಂದು ಆಟ ಶುರು ಮಾಡಿದೆ. ಅದರ ಮುಂದೆ ಚಪ್ಪಲಿ ಕಾಲು ಚಾಚುವುದು. ಅದು ಕತ್ತಿನ ಗರಿ ಕೆದರಿಸಿ ಹಾರಿ ಒದೆಯುವುದು. ನಾನು ಕಾಲು ಹಿಂದಕ್ಕೆಳೆದುಕೊಳ್ಳುವುದು. ನೆಂಟರು ಬಂದರೆ ಇದೇ ಮನರಂಜನೆ. ಮೊಬೈಲಿನಲ್ಲಿ ವಿಡಿಯೊ ಬೇರೆ.

ಕೆಟ್ಟದ್ದು ಅಲ್ಲೇ, ಆ ಕಾಲಿನ ಆಟದಲ್ಲೇ. ಕೋಳಿಗಳ ನಡುವೆ ಬೆಳೆದ ಮರಿ ದೊಡ್ಡ ಹುಂಜದಿಂದ, ಹೇಂಟೆಗಳಿಂದ ಕುಕ್ಕಿಸಿಕೊಂಡು ತನ್ನ ಜಾಗ ಯಾವುದೆಂದು ತಿಳಿದುಕೊಳ್ಳುತ್ತದೆ. ಮನೆಯೊಳಗೆ ಬೆಳೆದದ್ದಕ್ಕೆ ಮನುಷ್ಯರ ಭಯವಿರುವುದಿಲ್ಲ. ನಾವೂ ಅದರ ಲೆಕ್ಕದಲ್ಲಿ ಕೋಳಿಗಳೇ. ನಾಲ್ಕೈದು ತಿಂಗಳಿಗೆ ಜುಟ್ಟು ಕೆಂಪೇರಿ ಕೂಗು ಬಂತೆಂದರೆ ಎದುರಾಳಿ ಯಾರೆಂದು ಹುಡುಕತೊಡಗುತ್ತದೆ. ಮುಂದೆ ಬಂದ ಕಾಲು ಸವಾಲು, ಹಿಂದೆ ಸರಿದ ಕಾಲು ಸೋಲು. ನಾನು ನಗುತ್ತಾ ಕಾಲೆಳೆದುಕೊಂಡಾಗಲೆಲ್ಲ ಗೆದ್ದದ್ದು ಅದು. ಮುಂದೆ ನಿಜವಾಗಿಯೇ ಮೇಲೆ ಬೀಳತೊಡಗಿದಾಗ ಪೊರಕೆ ಹಿಡಿದು ಬಾರಿಸಿದೆನಲ್ಲ, ಅದೂ ಅದೇ ಆಟವೇ. ಹೊಡೆಯುವವನು ಹುಂಜದ ಕಣ್ಣಿಗೆ ಯಜಮಾನನಲ್ಲ, ಇನ್ನೊಂದು ಹುಂಜ. ಹೊಡೆತ ತಿಂದ ಮರುದಿನ ಇನ್ನಷ್ಟು ಹಟದಿಂದ ಬರುತ್ತಿತ್ತು, ನನ್ನ ಮೇಲಲ್ಲ, ನನಗಿಂತ ನಿಧಾನವಾಗಿ ನಡೆಯುವ ಅಮ್ಮನ ಮೇಲೆ.

ಅಮ್ಮ ಸೌದೆ ಎತ್ತಲು ಬಗ್ಗಿದ್ದಾಗ ಹಿಂದಿನಿಂದ ಹಾರಿತು. ಹುಂಜದ ಕಾಲಿನ ಹಿಂಬದಿಗಿರುವ ಚೂಪು ಮುಳ್ಳು ಅಮ್ಮನ ಮೀನಖಂಡಕ್ಕೆ ಇಳಿಯಿತು. ಮೇಲೆ ಕಂಡದ್ದು ಸಣ್ಣ ತೂತು. ಅರಿಶಿನ ಒತ್ತಿ ಸುಮ್ಮನಾದೆವು. ಅವರಿಗೆ ಸಕ್ಕರೆ ಕಾಯಿಲೆ. ಬಾಯಿ ಮುಚ್ಚಿಕೊಂಡ ಗಾಯದೊಳಗೆ ಕೀವು ತುಂಬಿ, ವೈದ್ಯರು ಅದನ್ನು ಮತ್ತೆ ಕೊಯ್ದು ತೊಳೆಯಬೇಕಾಯಿತು. ನಿಮ್ಮ ಮಕ್ಕಳಿಗೆ ಮುಳ್ಳು ಚುಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅಂದೇ ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ವಿಷಯ ಕೇಳಿ. ಮಕ್ಕಳ ಎತ್ತರಕ್ಕೆ ಅದು ಹಾರಿದರೆ ಕಾಲಿಗಲ್ಲ, ಕಣ್ಣಿಗೇ ತಾಗುತ್ತದೆ.

ಪಳಗಿಸುವುದು ಹೇಗೆ ಎಂದಿದ್ದೀರಿ. ಆ ಹುಂಜ ನಿಮಗೆ ಯಾಕೆ ಬೇಕು? ಹುಂಜವಿಲ್ಲದಿದ್ದರೆ ಹೇಂಟೆ ಮೊಟ್ಟೆಯಿಡುವುದಿಲ್ಲ ಎಂದು ನಮ್ಮ ಕಡೆ ಈಗಲೂ ಹೇಳುವವರಿದ್ದಾರೆ, ಅದು ಸುಳ್ಳು. ಮೊಟ್ಟೆಗೆ ಹುಂಜ ಬೇಡ, ಮರಿಗೆ ಮಾತ್ರ ಬೇಕು. ಮರಿಯೂ ಬೇಕೆನಿಸಿದರೆ ಹುಂಜ ಸಾಕಿದವರ ಮನೆಯಿಂದ ಮೊಟ್ಟೆ ತಂದು ನಿಮ್ಮ ಕಾವು ಕೋಳಿಯ ಕೆಳಗಿಡಿ, 21 ದಿನಕ್ಕೆ ಮರಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಐದೇ ಇದ್ದರೆ ಅದು ಮತ್ತೆ ಮತ್ತೆ ಮೇಲೇರಿ ಅವುಗಳ ಬೆನ್ನಿನ ಗರಿ ಉದುರಿರುವುದನ್ನು ನೀವೇ ನೋಡಿರಬಹುದು. ಗಿಡುಗ ಬಂದಾಗ ಕೂಗಿ ಎಚ್ಚರಿಸುವ ಕಾವಲು ತಪ್ಪುತ್ತದೆ, ನಿಜ. ಗೂಡಿನ ಮೇಲೊಂದು ಬಲೆ ಕಟ್ಟಿ.

ಹುಂಜವನ್ನು ಕಂಕುಳಲ್ಲಿ ಹಿಡಿದು ತಿರುಗಾಡಿ, ಅದರ ತಲೆ ಬಗ್ಗಿಸಿ ಹಿಡಿಯಿರಿ ಎಂದೆಲ್ಲ ಉಪದೇಶ ಬರುತ್ತದೆ. ನಾನೂ ಮಾಡಿದೆ, ನನಗೆ ಬಗ್ಗಿತು. ಆದರೆ ಹುಂಜ ಆಳನ್ನು ಗುರುತಿಡುತ್ತದೆ. ನನಗೆ ದಾರಿ ಬಿಟ್ಟ ಗಳಿಗೆಯಲ್ಲೇ ಅಮ್ಮನ ಕಡೆ ಒಂದು ರೆಕ್ಕೆ ಇಳಿಬಿಟ್ಟು ಓರೆಯಾಗಿ ಸುತ್ತುತ್ತಿತ್ತು. ಆ ನಡಿಗೆ ಕಂಡರೆ ದಾಳಿ ಹತ್ತಿರವಿದೆ ಎಂದರ್ಥ: ಓಡಬೇಡಿ, ಬೆನ್ನು ಹಾಕಬೇಡಿ, ಎದುರಾಗಿ ಗಟ್ಟಿಯಾಗಿ ನಿಲ್ಲಿ. ಇದನ್ನು ಐದು ವರ್ಷದ ಮಗುವಿಗೆ ಹೇಳಿಕೊಡುತ್ತೀರಾ? ಮುಳ್ಳಿನ ತುದಿ ಕತ್ತರಿಸುವುದೂ ಪರಿಹಾರವಲ್ಲ. ಒಳಗೆ ಮೂಳೆಯಿದೆ, ಹೆಚ್ಚು ಕತ್ತರಿಸಿದರೆ ರಕ್ತ ಸುರಿಯುತ್ತದೆ, ಕೊಕ್ಕು ಉಗುರು ಹೇಗೂ ಇದ್ದೇ ಇರುತ್ತವೆ.

ಆ ಹುಂಜದೊಂದಿಗಿರುವ ಹೇಂಟೆಗಳ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ, ಸಿಡುಕು ಮರಿಗೂ ಇಳಿಯಬಹುದು. ಹುಂಜ ಹೋದ ಮೇಲೂ ಎರಡು ಮೂರು ವಾರ ಅದರ ಬೀಜ ಹೇಂಟೆಯಲ್ಲಿ ಉಳಿದಿರುತ್ತದೆ ಎಂಬುದು ನೆನಪಿರಲಿ. ಜಗಳಗಂಟ ಹುಂಜವೆಂದು ಸುದ್ದಿಯಾದರೆ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಕೇಳಿಕೊಂಡು ಬಂದು ಒಳ್ಳೆಯ ಬೆಲೆ ಹೇಳುವವರಿರುತ್ತಾರೆ. ಕೊಡಬೇಡಿ. ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿರುವ ಇನ್ನೊಂದು ಮನೆಗೆ ದಾಟಿಸುವುದು ಅದಕ್ಕಿಂತ ದೊಡ್ಡ ಪಾಪ.

ನಮ್ಮದು ಯುಗಾದಿಯ ಮರುದಿನ, ಹೊಸತೊಡಕಿಗೆ ಸಾರಾಯಿತು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ ಮಾತ್ರ ಮುದ್ದೆಯೊಂದಿಗೆ ಎರಡನೆಯ ಸಲವೂ ಹಾಕಿಸಿಕೊಂಡರು. ನೀವೂ ಆ ದಾರಿ ಹಿಡಿದರೆ, ಬಲಿತ ಹುಂಜದ ಮಾಂಸ ಬಲು ಗಟ್ಟಿ, ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆಯೇ ಒಲೆಯ ಮೇಲಿಡಿ. ಅಲ್ಲಿಯವರೆಗೆ ಮಕ್ಕಳು ಹೊರಗಿರುವ ಹೊತ್ತೆಲ್ಲ ಅದು ಮಂಕರಿಯ ಕೆಳಗಿರಲಿ, ಮೇಲೊಂದು ಕಲ್ಲು ಹೇರಿ.