ಒಂದೇ ಭತ್ತದಿಂದ ಬಂದರೂ ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಜಾಸ್ತಿ ವಿಟಮಿನ್ ಯಾಕೆ?

ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವುದರಿಂದ. ಬಿ1 ವಿಟಮಿನ್ ಹೆಚ್ಚಾಗಿ ಇರುವುದು ಅಕ್ಕಿಯ ಮೇಲಿನ ತೌಡಿನ ಪದರದಲ್ಲಿ. ಅದು ನೀರಲ್ಲಿ ಕರಗುತ್ತದೆ. ಭತ್ತ ನೆನೆಸಿ ಬೇಯಿಸುವಾಗ ಅದರಲ್ಲಿ ಒಂದಷ್ಟು ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಒಣಗಿಸಿದಾಗ ಕಾಳು ಗಟ್ಟಿಯಾಗಿ ಅದು ಅಲ್ಲೇ ಉಳಿಯುತ್ತದೆ. ಮಿಲ್ಲಿನಲ್ಲಿ ತೌಡು ಹೋದರೂ ಪೂರ್ತಿ ನಷ್ಟವಿಲ್ಲ. ಬೆಳ್ತಿಗೆಯದ್ದು ಹಾಗಲ್ಲ, ಪಾಲಿಶ್ ಮಾಡಿದಾಗ ತೌಡಿನ ಜೊತೆ ಬಿ1 ಕೂಡ ದನದ ಬಾಯಿಗೆ!

ಇದು ಸಣ್ಣ ವಿಷಯ ಅಲ್ಲ. ಬಿ1 ಇಲ್ಲದೆ ಅನ್ನದ ಸಕ್ಕರೆ ಅಂಶವನ್ನು ದೇಹ ಶಕ್ತಿಯಾಗಿ ಬದಲಿಸಲಾರದು. ತೀರಾ ಕಮ್ಮಿಯಾದರೆ ನರ, ಹೃದಯ ಎರಡೂ ಸೋಲುವ ಬೆರಿಬೆರಿ ರೋಗ ಬರುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಗಮನಿಸಿದ್ದು ಇದನ್ನೇ: ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತಿತು, ತೌಡಿರುವ ಅಕ್ಕಿ ಕೊಟ್ಟಾಗ ಚೇತರಿಸಿಕೊಂಡವು. 1929ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಕಾಸರಗೋಡಿನ ಕಡೆ ಗಂಜಿಯನ್ನು ತಿಳಿ ಸಮೇತ ಉಣ್ಣುತ್ತೇವಲ್ಲ, ಅದು ಒಳ್ಳೆಯ ಅಭ್ಯಾಸ. ತಿಳಿ ಬಸಿದು ಚೆಲ್ಲಿದರೆ ಕರಗಿದ ಬಿ1 ಅದರೊಟ್ಟಿಗೆ ಹೋಗುತ್ತದೆ.

ಆದರೆ ಗಂಜಿ, ಉಪ್ಪಿನಕಾಯಿ ಎರಡೇ ಸಾಕಾಗುವುದಿಲ್ಲ. ಅಕ್ಕಿಯಲ್ಲಿ ಎ, ಸಿ, ಬಿ12 ಇಲ್ಲವೆಂದೇ ಹೇಳಬೇಕು. ಎ ವಿಟಮಿನ್ನಿಗೆ ಹಿತ್ತಿಲ ನುಗ್ಗೆಸೊಪ್ಪು, ಸಿ ವಿಟಮಿನ್ನಿಗೆ ನೆಲ್ಲಿಕಾಯಿ, ಬಿ12ಗೆ ಬಂಗುಡೆ. ಮೀನು ತಿನ್ನದವರಿಗೆ ಹಾಲು, ಮೊಸರು. ಹೆಸರುಕಾಳಿನ ಪಲ್ಯ ಇದ್ದರೆ ಪ್ರೊಟೀನಿಗೂ ಆಯಿತು.